ಮಡಿವಾಳಪ್ಪನ ಕೆಂಪು ಅರಿವಿ

ಸಿಂದಗಿಯ ಆ ಬೇಳೆ ಮಿಲ್ಲಿನಲ್ಲಿ ಮಡಿವಾಳಪ್ಪನಷ್ಟು ಚೊಕ್ಕಾಗಿ ಬೇಳೆ ಆರಿಸುವವರು ಇನ್ನೊಬ್ಬರಿರಲಿಲ್ಲ. ಆದರೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾಲ್ಕು ಮಂದಿ ಕೂಡಿ ಮಾತಾಡಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದ. ‘ಈ ಹುಚ್ಚನ್ನ ಯಾಕ ಇಟ್ಕೊಂಡೀರಿ?’ ಎಂದವರಿಗೆ ಆಳುಗಳ ಮುಕಾದಮ ಅಬ್ದುಲರಜಾಕ, ‘ಮೊದಲ ನಿನ್ನ ಬ್ಯಾಳ್ಯಾಗಿನ ಕಲ್ಲು ಆರಿಸು, ಆಮ್ಯಾಲ ಅವಗ ಹೆಸರಿಡು’ ಎಂದು ಝಾಡಿಸಿದ್ದ. ಅವನೇ ಮಡಿವಾಳಪ್ಪನಿಗೆ ಹಿಂದಿನ ಕೋಣೆ ಕೊಟ್ಟು, ಹಳೆಯ ಬಟ್ಟೆಯಿಂದ ಹರಿದ ಒಂದು ಕೆಂಪು ಅರಿವಿ ಕೈಗೆ ಕೊಟ್ಟ. ಗದ್ದಲ ತಡೆಯದಾದಾಗ ಅದನ್ನು ಬಾಗಿಲ ಚಿಲಕಕ್ಕೆ ಕಟ್ಟಬೇಕು. ಕಟ್ಟಿದ್ದು ಕಂಡರೆ ಯಾರೂ ತುಟಿ ಬಿಚ್ಚುವಂತಿಲ್ಲ. ಹನ್ನೊಂದು ವರ್ಷ ಹಾಗೇ ನಡೆಯಿತು.

೨೦೦೩ರ ಬೇಸಿಗೆಯಲ್ಲಿ ಅಬ್ದುಲರಜಾಕನ ಹೆಂಡತಿ ಬಿಬಿಜಾನ ತೀರಿಕೊಂಡಳು. ಅವನಿಗೆ ಅಳು ಬರಲಿಲ್ಲ, ಹಸಿವಾಗಲಿಲ್ಲ. ಮೈ ಇನ್ಯಾರದೋ ಎಂಬಂತೆ ಗೋಡೆಗೊರಗಿ ಕೂತಿದ್ದ. ಬಂದವರದು ಒಂದೇ ರಾಗ: ‘ಹ್ಯಾಂಗಾತ್ರಿ? ಯಾವ ದವಾಖಾನಿಗೆ ಒಯ್ದಿದ್ರಿ? ಮೊದಲ ವಿಜಾಪುರಕ್ಕ ಒಯ್ಯಬೇಕಿತ್ತು.’ ಸತ್ತ ಮನೆಯಲ್ಲೂ ಸುಮ್ಮನಿರಲು ಬಾರದ ಮಂದಿ! ಅವನು ಎಲ್ಲರಿಗೂ ಅದೇ ಉತ್ತರ ಹೇಳುತ್ತ ಹೋದ.

ಮೂರನೆಯ ದಿನ ಮಿಲ್ಲಿನ ಮಂದಿ ಬಂದರು. ಅವರೂ ಅದನ್ನೇ ಕೇಳತೊಡಗಿದರು. ಹಿಂದಿನಿಂದ ಬಂದ ಮಡಿವಾಳಪ್ಪ ಯಾರ ಮುಖವನ್ನೂ ನೋಡಲಿಲ್ಲ, ಒಂದು ಸಮಾಧಾನದ ಮಾತೂ ಆಡಲಿಲ್ಲ. ಹೊಸ್ತಿಲಲ್ಲೇ ನಿಂತು, ಕಿಸೆಯಿಂದ ಕೆಂಪು ಅರಿವಿ ತೆಗೆದು, ಮುಕಾದಮನ ಮನೆಯ ಚಿಲಕಕ್ಕೆ ಬಿಗಿಯಾಗಿ ಕಟ್ಟಿದ.

ಮಿಲ್ಲಿನವರು ತಟ್ಟನೆ ಬಾಯಿ ಮುಚ್ಚಿದರು. ಅವರನ್ನು ನೋಡಿ ಉಳಿದವರೂ ಸುಮ್ಮನಾದರು.

ಆಗ ಅಬ್ದುಲರಜಾಕ ಬಾಯಿಬಿಟ್ಟು ಅತ್ತ. ಓಣಿಗೆಲ್ಲ ಕೇಳುವಂತೆ ಅತ್ತ.

ಮಡಿವಾಳಪ್ಪ ಕಿವಿ ಮುಚ್ಚಿಕೊಳ್ಳಲಿಲ್ಲ.