ಹೆಬ್ಬೆರಳಿನ ಪರಾಕ್ರಮ

ಕತ್ತಿ ಹಿಡಿದು ಊರು ಗೆದ್ದವರುಂಟು, ಲೇಖನಿ ಹಿಡಿದು ಊರು ಕೆಡಿಸಿದವರುಂಟು. ಬರೀ ಬಲಗೈ ಹೆಬ್ಬೆರಳಿನಿಂದ ಒಂದು ಓಣಿಯನ್ನು ನೆಲಸಮ ಮಾಡಿದ ವೀರ ಮಾತ್ರ ಟಿಕ್ಕಣ್ಣನೊಬ್ಬನೇ.

ಅವನ ಉದ್ಯೋಗ ಜನರನ್ನು ಎಣಿಸುವುದು. ಯೋಜನಾ ಕಚೇರಿಯವರು ರಸ್ತೆ ಹಾಕಲಿ, ಸೇತುವೆ ಕಟ್ಟಲಿ, ಮೊದಲು ಇವನು ಹೋಗಿ ಬೀದಿಯ ಬಾಯಲ್ಲಿ ಮಡಚುವ ಕುರ್ಚಿ ಬಿಡಿಸಿ ಕೂರಬೇಕು. ಅಂಗೈಯಲ್ಲಿ ಮೊಟ್ಟೆ ಗಾತ್ರದ ಸ್ಟೀಲಿನ ಯಂತ್ರ. ಒಬ್ಬರು ಹಾದುಹೋದರೆ ಒಂದು ಸಲ ಒತ್ತಬೇಕು, ಟಿಕ್. ನಡೆಯುವ ಮಗು ಲೆಕ್ಕಕ್ಕುಂಟು, ಕಂಕುಳ ಮಗು ಲೆಕ್ಕಕ್ಕಿಲ್ಲ. ಇಪ್ಪತ್ತಾರು ವರ್ಷ ಒಂದು ತಲೆ ಹೆಚ್ಚಿಲ್ಲ, ಒಂದು ತಲೆ ಕಡಿಮೆಯಿಲ್ಲ. ನಿದ್ದೆಯಲ್ಲೂ ಹೆಬ್ಬೆರಳು ಮಿಡಿಯುತ್ತಿತ್ತು. “ಯಾರ್ರೀ ಕನಸಲ್ಲಿ ಅಷ್ಟೊಂದು ಜನ? ಹೆಂಗಸರೆಷ್ಟು?” ಎಂದು ಹೆಂಡತಿ ವಿಚಾರಣೆ ನಡೆಸುತ್ತಿದ್ದಳು.

ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಅಕ್ಕನ ಅಂಗಡಿ. ಹರಿದ ಚೀಲಕ್ಕೆ ಹೊಸ ಜಿಪ್, ಕಿತ್ತುಬಂದ ಹಿಡಿಕೆಗೆ ಹೊಲಿಗೆ. ಎಂಟಡಿ ಅಗಲ, ಒಂದು ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಿಂದ ಹಾವಿನ ಪೊರೆಗಳಂತೆ ಇಳಿಬಿದ್ದ ಜಿಪ್ಪುಗಳು. ತಾಯಿ ತೀರಿಕೊಂಡಾಗ ಇವನಿಗೆ ಎಂಟು ವರ್ಷ, ಅವಳಿಗೆ ಹದಿನೇಳು. ಅದೇ ಯಂತ್ರ ತುಳಿದು ತಮ್ಮನನ್ನು ಓದಿಸಿದಳು, ಕೆಲಸಕ್ಕೆ ಹಚ್ಚಿದಳು. ಮದುವೆಯ ಮಾತೆತ್ತಿದವರಿಗೆ ಅವಳ ಉತ್ತರ ಸಿದ್ಧವಿತ್ತು: “ದಿನಾ ಹತ್ತು ಬಾಯಿ ಮುಚ್ಚಿಸ್ತೀನಿ. ಮನೇಲೂ ಒಂದು ಬೇಕಾ?”

ಹೀಗಿರುವಾಗ ಊರಿಗೆ ಅತಿವೇಗದ ರೈಲು ಬರುವುದೆಂದು ನಿಶ್ಚಯವಾಯಿತು. ನಿಲ್ದಾಣವೊಂದು ಎದ್ದರೆ ಸುತ್ತಲ ಸೀಮೆಯೆಲ್ಲ ಉದ್ಧಾರವಾಗುವಂತೆ ಕಚೇರಿಯಲ್ಲಿ ನಕ್ಷೆ ಬರೆದರು. ಹಳದಿಯಲ್ಲಿ ಹೋಟೆಲು, ನೀಲಿಯಲ್ಲಿ ಕಂಪನಿಗಳು, ಹಸಿರಿನಲ್ಲಿ ಇನ್ನೂ ನೆಡದ ಮರಗಳು. ನಕ್ಷೆಗೆ ಬಣ್ಣ ತುಂಬುವ ಗೆಳೆಯ ಟಿಕ್ಕಣ್ಣನ ಕಿವಿಯಲ್ಲಿ ಪಿಸುಗುಟ್ಟಿದ: “ದಿನಕ್ಕೆ ಸಾವಿರ ಜನ ಓಡಾಡದ ಓಣಿಗೆ ಬೂದು ಬಣ್ಣ ಕಣಯ್ಯ. ಬೂದು ಅಂದ್ರೆ ಕಾರು ನಿಲ್ಲಿಸೋ ಜಾಗ.”

“ನಮ್ಮಕ್ಕನ ಓಣಿ?”

“ಅದನ್ನ ನೀನೇ ಹೇಳ್ಬೇಕು. ಸೋಮವಾರ ನಿನ್ನದೇ ಸರದಿ ತಾನೆ?”

ಸೋಮವಾರ ಮಧ್ಯಾಹ್ನ ಮೂರಾದರೂ ಯಂತ್ರದಲ್ಲಿದ್ದದ್ದು ನಾನೂರ ಹನ್ನೆರಡು. ಓಣಿಯ ಒಳಗೆ ಅಕ್ಕ ತಲೆ ಬಗ್ಗಿಸಿ ಹೊಲಿಯುತ್ತಿದ್ದುದು ಕುರ್ಚಿಯಿಂದಲೇ ಕಾಣುತ್ತಿತ್ತು. ಆಗ ಎದ್ದಿತು ನೋಡಿ ಹೆಬ್ಬೆರಳು! ಅಂಚೆಯವನು ಹೋದರೆ ಟಿಕ್, ಬಂದರೆ ಟಿಕ್, ನಿಂತು ಕೆಮ್ಮಿದರೆ ಮತ್ತೊಂದು ಟಿಕ್. ಕಂಕುಳ ಮಕ್ಕಳಿಗೆಲ್ಲ ಒಂದೇ ಏಟಿಗೆ ಕಾಲು ಬಂತು. ಎರಡು ನಾಯಿ, ಒಂದು ಬೆಕ್ಕು ಪೌರರಾದವು. ಗಾಳಿಗೆ ಹಾರಿಹೋದ ಪ್ಲಾಸ್ಟಿಕ್ ಹಾಳೆಯೂ ಊರಿನ ಆರ್ಥಿಕತೆಗೆ ತನ್ನ ಕಾಣಿಕೆ ಸಲ್ಲಿಸಿತು. ಸಾವಿರ ದಾಟಿದಾಗ ನಿಲ್ಲಿಸಬೇಕಿತ್ತು. ಆದರೆ ಇಪ್ಪತ್ತಾರು ವರ್ಷ ಉಪವಾಸವಿದ್ದವನಿಗೆ ಸುಳ್ಳಿನ ಅಳತೆ ಎಲ್ಲಿ ಗೊತ್ತು? ಸಂಜೆಗೆ ನಾಲ್ಕು ಸಾವಿರದ ನೂರ ಮೂವತ್ತು.

ಬೇರೆ ಯಾರ ಅಂಕಿಯಾಗಿದ್ದರೂ ಎರಡನೇ ಸಲ ಎಣಿಸುತ್ತಿದ್ದರು. ಟಿಕ್ಕಣ್ಣನ ಅಂಕಿ ಅಂದರೆ ಕಲ್ಲಿನಲ್ಲಿ ಕೊರೆದ ಹಾಗೆ.

ತಿಂಗಳ ನಂತರ ಸಭೆ ಸೇರಿತು. ಅಕ್ಕ ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಯೋಜನಾಧಿಕಾರಿ ಕೋಲಿನಿಂದ ನಕ್ಷೆ ತಟ್ಟಿ ಸಾರಿದರು: “ಈ ಪುಟ್ಟ ಓಣಿ ನೋಡಿ, ಇಡೀ ಊರಿನ ಜೀವನಾಡಿ! ಇಷ್ಟು ಜನ ತಾವಾಗಿಯೇ ಹರಿದುಬರುವ ಕಡೆ ಬಿಟ್ಟು ನಿಲ್ದಾಣದ ಮಹಾದ್ವಾರವನ್ನ ಇನ್ನೆಲ್ಲಿ ಇಡೋಣ?” ಮಹಾದ್ವಾರಕ್ಕೆ ಅರವತ್ತು ಮೀಟರ್ ಅಗಲದ ದಾರಿ ಬೇಕು. ಓಣಿಯ ಎರಡೂ ಬದಿ ಹೋಗಬೇಕು, ಎಲ್ಲಕ್ಕಿಂತ ಮೊದಲು. ದಿನಕ್ಕೆ ಸಾವಿರದ ಎಂಬತ್ತು ಜನ ಓಡಾಡುವ ಪಕ್ಕದ ಓಣಿ ಮಾತ್ರ ಕೂದಲೂ ಕೊಂಕದೆ ಉಳಿಯಿತು.

ಬಾಣಲೆಯಿಂದ ತಪ್ಪಿಸಲು ಹೋಗಿ ಟಿಕ್ಕಣ್ಣ ಅಕ್ಕನನ್ನು ಬೆಂಕಿಗೇ ಎತ್ತಿ ಹಾಕಿದ್ದ.

ನಿಜ ಒಪ್ಪಿಕೊಳ್ಳಲು ಅಧಿಕಾರಿಯ ಬಾಗಿಲಿಗೆ ಮೂರು ಸಲ ಹೋದ. ನಿವೃತ್ತಿಗೆ ಎರಡೇ ವರ್ಷ, ಮಗಳ ಓದು ಅರ್ಧಕ್ಕಿತ್ತು. ಮೂರನೇ ಸಲ ಅವರು ಕರೆದೇಬಿಟ್ಟರು. “ಏನಯ್ಯಾ, ದಿನಾ ಬಂದು ಇಣುಕ್ತೀಯ?”

“ಏನಿಲ್ಲ ಸಾರ್... ಕುರ್ಚಿ ಹಳೇದಾಗಿದೆ.”

ಮಾರನೆಯ ದಿನ ಹೊಸ ಕುರ್ಚಿ ಬಂತು, ಮೆತ್ತೆ ಸಮೇತ. ಅದರ ಮೇಲೆ ಕೂತಾಗಲೆಲ್ಲ ಅವನಿಗೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು.

ಅಂಗಡಿ ಅರ್ಧ ಗಂಟೆಯಲ್ಲಿ ಉರುಳಿತು. ನಿಲ್ದಾಣ ಎದ್ದ ಮೇಲೆ ಅಕ್ಕನಿಗೆ ಎರಡನೇ ಮಹಡಿಯಲ್ಲಿ, ಲಿಫ್ಟಿನ ಬೆನ್ನಿಗೆ, ಗಾಜಿನ ಮಳಿಗೆಯೊಂದನ್ನು ಕೊಟ್ಟರು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವವರು ಜಿಪ್ ಹಾಕಿಸಲು ಎಲ್ಲಿ ನಿಲ್ಲುತ್ತಾರೆ? ಚೀಲ ಹರಿದರೆ ಕೆಳಗಿನ ಮಹಡಿಯಲ್ಲಿ ಹೊಸದು ಕೊಳ್ಳುತ್ತಾರೆ. ಏಳನೇ ತಿಂಗಳು ಅಕ್ಕ ಗಾಜಿನ ಬಾಗಿಲೆಳೆದು, ಹೊಲಿಗೆ ಯಂತ್ರ ಮಾರಿ, ಊರಾಚೆ ಒಂದು ಕೋಣೆ ಹಿಡಿದಳು. ಅವಳಿಗೆ ಎಪ್ಪತ್ತು ಆಗಿತ್ತು. ಕೆಲಸವಿಲ್ಲದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು.

ಒಂದು ಭಾನುವಾರ ಮಧ್ಯಾಹ್ನ, ಇವತ್ತು ಎಲ್ಲ ಹೇಳಿಯೇ ತೀರುವುದೆಂದು ಅವನು ಹೋದ. ಹೊಸ್ತಿಲಲ್ಲೇ ನಿಂತು ಶುರು ಮಾಡಿದ. “ಅಕ್ಕ, ಒಂದು ವಿಷಯ ಹೇಳ್ಬೇಕಿತ್ತು...”

“ಹೇಳುವೆಯಂತೆ, ಮೊದಲು ಕೂತ್ಕೋ.” ಅವಳು ಹಾಸಿಗೆಯಡಿಯಿಂದ ಒಂದು ಹಾಳೆ ತೆಗೆದಳು. ಸಭೆಯಲ್ಲಿ ಹಂಚಿದ ಪುಸ್ತಿಕೆಯಿಂದ ಕತ್ತರಿಸಿದ್ದು. ಓಣಿಯ ಸಂಖ್ಯೆ, ಎದುರಿಗೆ 4,130. “ಪಕ್ಕದ ಕೋಣೆಯವಳು ಕೊಂಕು ತೆಗೀತಾಳೆ ಕಣೋ. ನಿಮ್ಮದು ನೊಣ ಹೊಡೆಯೋ ಅಂಗಡಿ ಆಗಿತ್ತಂತೆ ಅಂತ. ಇದನ್ನ ಮುಖಕ್ಕೆ ಹಿಡಿದೆ. ಉಸಿರೆತ್ತಲಿಲ್ಲ.”

ಅವನು ಹಾಳೆ ನೋಡಿದ.

“ನಾನು ತಲೆ ತಗ್ಗಿಸಿ ಹೊಲೀತಾ ಕೂತಿರ್ತಿದ್ದೆ. ಹೊರಗೆ ಎಲ್ಲ ಖಾಲಿ, ಯಾರಿಗೋಸ್ಕರ ಕೂತಿದೀನೋ ಅನ್ನಿಸ್ತಿತ್ತು ಎಷ್ಟೋ ಸಲ. ನೋಡಿದ್ರೆ, ದಿನಾ ನಾಲ್ಕು ಸಾವಿರ ಜನ ನನ್ನ ಮುಂದೇನೇ ಹಾದುಹೋಗಿದಾರೆ.” ಅವಳು ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು. “ನಿಜ ತಾನೆ? ನೀನೇ ಎಣಿಸಿದ್ದಲ್ವಾ?”



“ಅದು ಕಮ್ಮೀನೇ ಅಕ್ಕ,” ಎಂದ ಟಿಕ್ಕಣ್ಣ. “ಮಧ್ಯಾಹ್ನ ಸ್ವಲ್ಪ ತೂಕಡಿಸಿಬಿಟ್ಟಿದ್ದೆ.”

“ಹುಟ್ಟು ಸೋಮಾರಿ ನೀನು,” ಎಂದು ಅಕ್ಕ ನಕ್ಕಳು. “ಎಷ್ಟು ಜನಾನ ತಪ್ಪಿಸಿದೆಯೋ ಏನೋ.”