ಒಬ್ಬಳು ಬಂದಳು, ಒಬ್ಬಳು ಹೋಗಲಿಲ್ಲ

ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರಾಂಶುಪಾಲರು ವಿದೇಶಿ ವಿದ್ಯಾರ್ಥಿ ವಿನಿಮಯದ ಜವಾಬ್ದಾರಿಯನ್ನೂ ನನಗೆ ಹೊರಿಸಿದರು. ಇಂಡೋನೇಷ್ಯಾದ ವಿಶ್ವವಿದ್ಯಾನಿಲಯವೊಂದರ ಜೊತೆ ಒಪ್ಪಂದವಾಗಿತ್ತು. ಅಲ್ಲಿಂದ ಒಬ್ಬರು ಇಲ್ಲಿಗೆ, ಇಲ್ಲಿಂದ ಒಬ್ಬರು ಅಲ್ಲಿಗೆ, ಒಂದು ಸೆಮಿಸ್ಟರ್ ಮಟ್ಟಿಗೆ. ಸಹಿ ಹಾಕುವ ದಿನ ಹೂಗುಚ್ಛಕ್ಕಾಗಲಿ ಫೋಟೋಗಾಗಲಿ ಕೊರತೆ ಇರಲಿಲ್ಲ. ಅಲ್ಲಿ ಬರೆದ ಪರೀಕ್ಷೆಯ ಅಂಕ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಪ್ರಾಂಶುಪಾಲರು, “ಅದನ್ನು ಆಮೇಲೆ ನೋಡುವ ಮೇಡಂ” ಎಂದರು.

ಮೊದಲು ಅಲ್ಲಿಯ ಹುಡುಗಿ ಬಂದಳು. ಹುದುಗಿಸಿದ ಆಹಾರ ಅವಳ ಅಧ್ಯಯನದ ವಿಷಯ. ಆದರೆ ಅವಳು ಲ್ಯಾಬಿನಲ್ಲಿ ಕೂತರೆ ಸಾಕು, ಯಾರಾದರೂ ಕರೆಯಲು ಬರುತ್ತಿದ್ದರು. ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ವೇದಿಕೆಯಲ್ಲಿ ಕೂರಿಸುತ್ತಿದ್ದರು. ಹೊರಗೆ ಹೋಗಬೇಕೆಂದರೆ ಹಾಸ್ಟೆಲಿನ ವಾರ್ಡನ್ ಒಪ್ಪುತ್ತಿರಲಿಲ್ಲ. ಒಂದು ಸಲ ಅವಳು ತಣ್ಣಗೆ ಕೇಳಿದಳು, “ಮೇಡಂ, ನಾನಿಲ್ಲಿ ವಿದ್ಯಾರ್ಥಿನಿಯಾ, ಅತಿಥಿಯಾ?”

ಹಟ ಹಿಡಿದು ಅನುಮತಿ ತೆಗೆದುಕೊಂಡು, ಒಂದು ಭಾನುವಾರ ಅವಳನ್ನು ನನ್ನ ಇನ್ನೊಬ್ಬ ವಿದ್ಯಾರ್ಥಿನಿಯ ಮನೆಗೆ ಕರೆದುಕೊಂಡು ಹೋದೆ. ನಮ್ಮ ಕಡೆಯಿಂದ ಇಂಡೋನೇಷ್ಯಾಕ್ಕೆ ಹೋಗಲು ಆಯ್ಕೆಯಾದವಳು ಇವಳೇ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ಬೆಳ್ತಂಗಡಿ ದಾಟಿ ಘಟ್ಟದ ಬುಡದವರೆಗೆ ಹೋಗಬೇಕು. ತಾಯಿ ಭರಣಿಯಿಂದ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ತೆಗೆದು ಪಲ್ಯ ಮಾಡಿದರು. ಇಂಡೋನೇಷ್ಯಾದವಳು ಭರಣಿಯನ್ನು ಮೂಸಿ ನೋಡಿ, ಲ್ಯಾಬಿನಲ್ಲಿ ಪರೀಕ್ಷಿಸಲೆಂದು ಸಣ್ಣ ಬಾಟಲಿಯಲ್ಲಿ ಅದರ ಒಂದಿಷ್ಟು ನೀರು ತುಂಬಿಸಿಕೊಂಡಳು. ತಾಯಿಯ ತುಳು, ಅವಳ ಇಂಗ್ಲಿಷು, ನಡುವೆ ಮಗಳ ಅನುವಾದ. ಹುಡುಗಿಯರಿಬ್ಬರೂ ಹಿತ್ತಿಲಲ್ಲಿ ಕೂತು ಮಾತಾಡಿದ್ದು ಮುಗಿಯಲೇ ಇಲ್ಲ. ವಿನಿಮಯ ಅಂತ ಏನಾದರೂ ನಡೆದಿದ್ದರೆ ಅದು ಆ ಒಂದು ದಿನ.

ಮನೆಯವರು ಮಗಳನ್ನು ಕಳಿಸಲಿಕ್ಕಿಲ್ಲ ಎಂದು ನಾನು ಹೆದರಿದ್ದೆ. ತಾಯಿ ಕೇಳಿದ್ದು ಒಂದೇ, “ಅಲ್ಲಿ ಅನ್ನ ಸಿಗ್ತದಲ್ಲ?” ಗಲ್ಫಿನಲ್ಲಿದ್ದ ತಂದೆ ವಿಡಿಯೋ ಕಾಲಿನಲ್ಲಿ ನಕ್ಕರು. “ನಾನೇ ಪರದೇಶದಲ್ಲಿದ್ದೇನೆ. ನಾನು ಬಂದದ್ದು ದುಡಿಯಲಿಕ್ಕೆ, ಅವಳು ಓದಲಿಕ್ಕೆ ಹೋಗಲಿ ಮೇಡಂ.” ಪಾಸ್‌ಪೋರ್ಟೂ ಆಯಿತು.

ಅಡ್ಡ ಬಂದದ್ದು ಅಂಕದ ವಿಷಯವೇ. ನಮ್ಮ ಕಾಲೇಜು ಸೇರಿರುವ ವಿಶ್ವವಿದ್ಯಾನಿಲಯದ ಕಚೇರಿಗೆ ಹೋಗಿ, ಎರಡೂ ಕಡೆಯ ಪಠ್ಯಕ್ರಮವನ್ನು ಅಧಿಕಾರಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಪಾಠಗಳು ಹೆಚ್ಚುಕಡಿಮೆ ಒಂದೇ ಇದ್ದವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಪತ್ರಿಕೆಯ ಹೆಸರು ಬೇರೆ ಉಂಟಲ್ಲ?”

“ಹೆಸರು ಮಾತ್ರ ಬೇರೆ ಸರ್. ಒಳಗೆ ಇರುವುದು ಅದೇ.”

“ಹಾಗಾದರೆ ಅಧ್ಯಯನ ಮಂಡಳಿಯಲ್ಲಿ ಇಡಬೇಕು. ಸಭೆ ಸದ್ಯಕ್ಕಿಲ್ಲ. ಬೇಕಾದರೆ ಅವಳು ಹೋಗಿ ಬರಲಿ, ಬಂದ ಮೇಲೆ ಆ ಸೆಮಿಸ್ಟರನ್ನು ಮುಂದಿನ ವರ್ಷದ ಬ್ಯಾಚಿನ ಜೊತೆ ಇಲ್ಲಿ ಪುನಃ ಓದಲಿ.”

ಮತ್ತೆ ಎರಡು ಸಲ ಹೋದೆ. ಎರಡು ಸಲವೂ ಅದೇ ಮಾತು. ಪ್ರಾಂಶುಪಾಲರಿಂದ ಫೋನು ಮಾಡಿಸಿದರೂ ಏನೂ ಆಗಲಿಲ್ಲ. ಕೊನೆಗೆ ಹುಡುಗಿಯೇ ಸ್ಟಾಫ್ ರೂಮಿಗೆ ಬಂದು, “ಬೇಡ ಮೇಡಂ. ಹೋದರೆ ಒಂದು ವರ್ಷ ಹಿಂದೆ ಬೀಳ್ತೇನೆ” ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಮರುವರ್ಷ ಕಾಲೇಜಿನ ಪ್ರಚಾರಪತ್ರದ ಮುಖಪುಟದಲ್ಲಿ ಸೀರೆಯುಟ್ಟ ಇಂಡೋನೇಷ್ಯಾದ ಹುಡುಗಿಯ ಚಿತ್ರ ಬಂತು. ಬೆನ್ನಿಗೇ ಮತ್ತೊಂದು ದೇಶದ ವಿಶ್ವವಿದ್ಯಾನಿಲಯದ ಜೊತೆ ಒಪ್ಪಂದ. ಸಹಿ ಹಾಕುವ ಕಾರ್ಯಕ್ರಮ ನಿರೂಪಿಸಲು ಪ್ರಾಂಶುಪಾಲರು ನನ್ನನ್ನೇ ಕೇಳಿದರು. “ಅಂಕದ ವಿಷಯ ಮೊದಲು ತೀರ್ಮಾನವಾಗಲಿ ಸರ್. ಆದ ಮೇಲೆ ಬೇಕಾದರೆ ಕುರ್ಚಿಯನ್ನೂ ನಾನೇ ಹಾಕ್ತೇನೆ” ಎಂದೆ. “ಇಷ್ಟಕ್ಕೆಲ್ಲ ಬೇಸರ ಮಾಡಿದರೆ ಹೇಗೆ?” ಎಂದ ಅವರು ನಿರೂಪಣೆಯನ್ನು ಬೇರೊಬ್ಬರಿಗೆ ವಹಿಸಿದರು. ಕಾರ್ಯಕ್ರಮದ ಮಧ್ಯಾಹ್ನ ನಾನು ಲ್ಯಾಬಿನಲ್ಲೇ ಇದ್ದೆ. ಚಪ್ಪಾಳೆ ಅಲ್ಲಿಗೂ ಕೇಳಿಸಿತು.

ಹೋಗದೆ ಉಳಿದ ನಮ್ಮ ಹುಡುಗಿ ಈಗ ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹೊಸ ಬ್ಯಾಚಿನವರು ವಿನಿಮಯದ ಬಗ್ಗೆ ವಿಚಾರಿಸಲು ಈಗಲೂ ನನ್ನ ಹತ್ತಿರವೇ ಬರುತ್ತಾರೆ. “ಹೋದರೆ ವರ್ಷ ಹಾಳಾಗ್ತದಾ ಮೇಡಂ?” ಸುಳ್ಳು ಹೇಳಲು ಆಗುವುದಿಲ್ಲ. ಹೌದು ಎನ್ನುತ್ತೇನೆ. ಅವರು ಥ್ಯಾಂಕ್ಸ್ ಹೇಳಿ ಕ್ಲಾಸಿಗೆ ಹೋಗುತ್ತಾರೆ.