ಶನಿವಾರದ ಸಹಿ

ಎಂಬತ್ತರ ದಶಕದ ಕೊನೆಯಲ್ಲಿ, ಡಿಗ್ರಿ ಮುಗಿಸಿದ ವರ್ಷವೇ, ನಾನು ಮಸ್ಕತ್ತಿನ ರೂವಿಯಲ್ಲಿ ಕಟ್ಟಡಗಳ ನಕ್ಷೆ ತಯಾರಿಸುವ ಒಂದು ಕಚೇರಿಗೆ ಟೈಪಿಸ್ಟ್ ಆಗಿ ಸೇರಿದೆ. ಶುಕ್ರವಾರ ರಜೆ, ಶನಿವಾರ ವಾರದ ಮೊದಲ ಕೆಲಸದ ದಿನ. ನಕ್ಷೆಗಳಿಗೆ ಕೊನೆಯ ಸಹಿ ಹಾಕುತ್ತಿದ್ದವರು ಯುರೋಪಿನಿಂದ ಬಂದ ಒಬ್ಬ ಇಂಜಿನಿಯರ್ ಮೇಡಂ.

ಶನಿವಾರ ಅವರು ಕಂಪನಿಯ ಕಾರು ಬಿಟ್ಟು ನಡೆದೇ ಬರುತ್ತಿದ್ದರು. ಪೆನ್ನು ಹಿಡಿಯುತ್ತಿರಲಿಲ್ಲ. ನಾನು ತಲುಪುವಾಗ ಕೋಣೆಯಲ್ಲಿ ದೀಪವಿಲ್ಲದೆ ಕುಳಿತಿರುತ್ತಿದ್ದರು. ಸ್ವಿಚ್ ಹಾಕು ಎಂದು ಒಮ್ಮೆಯೂ ಹೇಳಿದವರಲ್ಲ. “ಇಲ್ಲಿ ಸ್ವಲ್ಪ ಕತ್ತಲೆ, ಅಲ್ಲವೇ?” ಎನ್ನುತ್ತಿದ್ದರು, ಅಷ್ಟೇ. ನಾನು ಹಾಕುತ್ತಿದ್ದೆ. ಮಡಿಯಲ್ಲಿದ್ದ ಅಜ್ಜಿಯನ್ನು ಯಾಕೆ ಎಂದು ಕೇಳದೆ ಬೆಳೆದವಳು ನಾನು, ಇವರನ್ನೂ ಕೇಳಲಿಲ್ಲ.

ಒಂದು ಶನಿವಾರ ಸಲಾಲಾದ ಗೋದಾಮಿನ ನಕ್ಷೆ ಮಧ್ಯಾಹ್ನದ ವಿಮಾನಕ್ಕೆ ಹೋಗಬೇಕಿತ್ತು. ಹೊಸದಾಗಿ ಬಂದಿದ್ದ ಬೊಂಬಾಯಿಯ ಮ್ಯಾನೇಜರು ನನ್ನ ಮೇಜಿನ ಬಳಿ ನಿಂತು, ಸಹಿ ಯಾಕಿಲ್ಲ ಎಂದು ಗದರಿದರು. ಮೇಡಂ ಅವರನ್ನು ಉಳಿಸುವ ಹುಮ್ಮಸ್ಸಿನಲ್ಲಿ ನಾನೆಂದೆ: “ಶನಿವಾರ ಅವರು ಬರೆಯುವುದಿಲ್ಲ ಸಾರ್. ನಮ್ಮಲ್ಲಿ ಶನಿವಾರ ವ್ರತ ಇದೆಯಲ್ಲ, ಹಾಗೆ.”

“ಅಚ್ಛಾ! ಮೇಮ್‌ಸಾಬ್‌ಗೂ ಶನಿಕಾಟವಾ?” ಎಂದು ನಕ್ಕರು. ನಗುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿ ಮೇಡಂ ಕೋಣೆಯ ಬಾಗಿಲನ್ನು ನೋಡಿದರು.

ವೀಸಾ ಕೆಲಸ ನೋಡಿಕೊಳ್ಳುತ್ತಿದ್ದ ಉಳ್ಳಾಲದ ಬ್ಯಾರಿ ಹಿರಿಯರನ್ನು ನಾವು ಕಾಕ ಎನ್ನುತ್ತಿದ್ದೆವು. ಮ್ಯಾನೇಜರು ಅತ್ತ ಹೋದದ್ದೇ ಅವರು ಹತ್ತಿರ ಬಂದರು.

“ಎಂತ ಹೇಳಿಬಿಟ್ಟಿರಿ ಮಗಳೇ? ಶನಿವಾರಕ್ಕೆ ಅರಬಿಯಲ್ಲಿ ಎಂತ ಹೆಸರು ಗೊತ್ತುಂಟಾ? ಸಬ್ತ್. ಅದು ಅವರ ದಿನ. ಬೆಂಕಿ ಹೊತ್ತಿಸಲಿಕ್ಕಿಲ್ಲ, ಬರೆಯಲಿಕ್ಕಿಲ್ಲ.”

“ಅವರ ಅಂದ್ರೆ?”

“ಯಹೂದಿಗಳ.” ಆ ಶಬ್ದವನ್ನು ಅವರು ತುಟಿ ಅಲ್ಲಾಡಿಸದೆ ಹೇಳಿದರು. “ಮೇಡಂ ನಮ್ಮ ಮನೆಗೆ ಈದ್ ಊಟಕ್ಕೆ ಬಂದಾಗ, ಕುರಿ ಕೊಯ್ದದ್ದು ಯಾರು ಅಂತ ಕೇಳಿದ್ರು. ಅದು ನಾವು ಕೇಳುವ ಪ್ರಶ್ನೆ, ಇಲ್ಲದಿದ್ರೆ ಅವರು; ಕೊಯ್ಯುವುದಕ್ಕೆ ನಮ್ಮ ಹಾಗೆ ಅವರಿಗೂ ಕ್ರಮ ಉಂಟು. ಎರಡು ವರ್ಷ ಆಯ್ತು. ನಾನು ನನ್ನ ಹೆಂಡತಿಗೂ ಹೇಳಲಿಲ್ಲ. ಈ ಊರಲ್ಲಿ ಅದು ಗೊತ್ತಾದ್ರೆ ಅವರ ವೀಸಾ ಖಲಾಸ್.”

ಮುಂದಿನ ಶನಿವಾರ ಮ್ಯಾನೇಜರು ಎಲ್ಲರೆದುರು ಒಂದು ಕಾಗದವನ್ನೂ ಮುಚ್ಚಳ ತೆಗೆದ ಪೆನ್ನನ್ನೂ ಮೇಡಂ ಮುಂದಿಟ್ಟು, “ಒಂದೇ ಸಹಿ” ಎಂದರು. ಅವಸರದ ಕಾಗದವಲ್ಲ, ನಾನೇ ಟೈಪ್ ಮಾಡಿದ್ದು. ಮೇಡಂ ಪೆನ್ನನ್ನು ನೋಡಿದರು. ಆಮೇಲೆ ಸಹಿ ಹಾಕಿದರು. ಮಕ್ಕಳ ಬರಹದಂತೆ ಅಕ್ಷರಗಳು ಬಿಡಿಬಿಡಿಯಾಗಿದ್ದವು. ಅದರ ಮುಂದಿನ ಶನಿವಾರವೂ ಒಂದು ಕಾಗದ ಬಂತು.

ಅಂದು ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

“ನೀನು ಯಾರಿಗಾದರೂ ಏನಾದರೂ ಹೇಳಿದ್ದೀಯಾ?”

“ಇಲ್ಲ ಮೇಡಂ.”

ನನ್ನ ಉತ್ತರ ಅಷ್ಟು ಬೇಗ ಬಂದದ್ದಕ್ಕೆ ನಾನೇ ಬೆಚ್ಚಿದೆ. ಅವರು ನಂಬಿದರು. “ಹಾಗಾದರೆ ಆ ಮುದುಕನೇ,” ಎಂದರು. “ಊಟದ ದಿನ ನನ್ನನ್ನು ಹೇಗೆ ನೋಡಿದ್ದನೆಂದು ನೆನಪಿದೆ.”

ಬಾಯಿ ತೆರೆಯಲು ನನಗೆ ಸಾಕಷ್ಟು ಸಮಯವಿತ್ತು.

ಮರುದಿನ ಬೆಳಿಗ್ಗೆ ಮೇಡಂ ಕಾಕನ ಮೇಜಿನ ಮುಂದೆ ನಿಂತು, ನವೀಕರಣಕ್ಕೆ ಕೊಟ್ಟಿದ್ದ ಪಾಸ್‌ಪೋರ್ಟನ್ನು ಹಿಂದಕ್ಕೆ ಕೇಳಿದರು. ಇನ್ನು ಮುಂದೆ ತನ್ನ ಕಾಗದಪತ್ರಗಳನ್ನು ಅವರು ಮುಟ್ಟಬಾರದೆಂದೂ, ಮ್ಯಾನೇಜರೇ ನೋಡಿಕೊಳ್ಳುತ್ತಾರೆಂದೂ ಹೇಳಿದರು. ಕಾಕ ಡ್ರಾಯರ್ ಎಳೆದು, ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನನ್ನ ಕಡೆ ನೋಡಲಿಲ್ಲ.